ಎಳೆಗೂಸಿನ ಮಿದುಳಿಗೆ ಒದಗುವ ಕುತ್ತು

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಮೊದಲಿಗೇ ಒಂದು ಮಾತನ್ನು ಅರಿಕೆ ಮಾಡಿಕೊಳ್ಳುತ್ತೇವೆ. ನಾವು ವೈದ್ಯರಲ್ಲ. ಬಿ.ಕಾಂ. ಓದಿ, ದೆಹಲಿಯ ಒಂದು ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿಕೊಂಡಿರುವವರು. ಜಮಾ, ಖರ್ಚು, ಬಡ್ಡಿ, ವಾಯಿದೆ, ಇವು ನಮ್ಮ ವಿಷಯ. ಅಂಥವರು ಹಸುಗೂಸಿನ ಮಿದುಳನ್ನು ಕುರಿತು ಮಾತನಾಡಲು ನಿಂತರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದರೂ ಬರಬಹುದು. ಆದರೆ ಕಾರ್ಯದರ್ಶಿಗಳು ಇದೇ ವಿಷಯವಾಗಬೇಕೆಂದು ಪಟ್ಟು ಹಿಡಿದರು. ಕಾರಣವಿಷ್ಟೆ: ಊರಿನಿಂದ ಬಂದವರ, ಇಲ್ಲಿಯೇ ನೆಲೆಸಿದವರ ಜೊತೆ ಆಸ್ಪತ್ರೆಗೆ ಹೋಗಿ, ಹಿಂದಿ ಇಂಗ್ಲಿಷು ಫಾರಮುಗಳನ್ನು ಓದಿ ಕನ್ನಡದಲ್ಲಿ ಹೇಳುವ ಕೆಲಸ ಕೆಲವು ವರ್ಷಗಳಿಂದ ನಮ್ಮ ಪಾಲಿಗೆ ಬಂದಿದೆ. ಹಾಗೆ ಹೋದಾಗ ಕಂಡದ್ದನ್ನೂ, ಕಂಡ ಮೇಲೆ ಸುಮ್ಮನಿರಲಾರದೆ ಓದಿಕೊಂಡದ್ದನ್ನೂ, ವೈದ್ಯ ಮಿತ್ರರನ್ನು ಪೀಡಿಸಿ ಕೇಳಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತೇವೆ.

ಹುಟ್ಟಿ ಇಪ್ಪತ್ತೆಂಟು ದಿನ ತುಂಬದ ಕೂಸಿಗೆ ರೋಗಾಣುಗಳಿಂದ ಬರುವ ಮಿದುಳುಪೊರೆಯ ಉರಿಯೂತವೇ ಇಂದಿನ ವಿಷಯ. ವೈದ್ಯರು ಬ್ಯಾಕ್ಟೀರಿಯಲ್ ಮೆನಿಂಜೈಟಿಸ್ ಎನ್ನುತ್ತಾರೆ. ಮಿದುಳಿಗೂ ಬೆನ್ನುಹುರಿಗೂ ತೆಳುವಾದ ಪೊರೆಗಳ ಹೊದಿಕೆಯುಂಟಷ್ಟೆ. ಆ ಪೊರೆಗಳ ನಡುವೆ ತಿಳಿನೀರಿನಂಥ ಒಂದು ದ್ರವ ಸದಾ ಹರಿದಾಡುತ್ತಿರುತ್ತದೆ. ಕೂಸಿನ ರಕ್ತದಲ್ಲಿ ಸೇರಿದ ರೋಗಾಣು ಈ ದ್ರವದೊಳಕ್ಕೆ ನುಸುಳಿತೆಂದರೆ ಅಲ್ಲಿ ಅದನ್ನು ತಡೆಯುವವರು ಬಹಳ ಕಡಿಮೆ. ರಕ್ತದಲ್ಲಿರುವಷ್ಟು ರಕ್ಷಣೆಯ ಸಾಮಗ್ರಿ ಆ ದ್ರವದಲ್ಲಿಲ್ಲ. ಅದರ ಮೇಲೆ ಇದು ಎಳೆಗೂಸು. ತಾಯಿಯಿಂದ ಬರಬೇಕಾದ ರೋಗನಿರೋಧಕ ವಸ್ತುಗಳ ಬಹುಭಾಗ ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಮಗುವಿಗೆ ದಾಟಿ ಬರುವಂಥದು. ಆದುದರಿಂದ ದಿನ ತುಂಬುವ ಮುಂಚೆಯೇ ಹುಟ್ಟಿದ ಕೂಸು ಬರಿಗೈಯಲ್ಲಿ ಬಂದ ಹಾಗೆ.

ಈ ಕಾಯಿಲೆಯ ವಿಷಯದಲ್ಲಿ ನಮ್ಮನ್ನು ಬಹಳವಾಗಿ ಕಾಡಿದ ಲೆಕ್ಕವೊಂದಿದೆ. ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ೧೯೮೫–೮೭ರಲ್ಲಿ ಒಮ್ಮೆ, ಮತ್ತೆ ೧೯೯೬–೯೭ರಲ್ಲಿ ಒಮ್ಮೆ ಇಂಥ ಕೂಸುಗಳ ಗಣತಿ ನಡೆಯಿತು. ಮೊದಲನೆಯ ಸಲ ನೂರಕ್ಕೆ ಸುಮಾರು ೨೨ ಕೂಸುಗಳು ತೀರಿಕೊಂಡಿದ್ದವು. ಎರಡನೆಯ ಸಲ ಆ ಸಂಖ್ಯೆ ಏಳಕ್ಕಿಂತ ಕೆಳಗೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಇಷ್ಟು ಸುಧಾರಣೆಯಾದುದು ಸಂತೋಷದ ಸಂಗತಿಯೇ. ಆದರೆ ಬದುಕಿ ಉಳಿದ ಮಕ್ಕಳಲ್ಲಿ ಗಣನೀಯವಾದ ಅಂಗವೈಕಲ್ಯ ಎಷ್ಟು ಮಂದಿಗೆ ಉಳಿಯಿತು ಎಂದು ನೋಡಿದರೆ, ಹಿಂದೆಯೂ ಸುಮಾರು ಕಾಲುಭಾಗ, ಆಮೇಲೆಯೂ ಸುಮಾರು ಕಾಲುಭಾಗ! ಜೀವದ ಖಾತೆ ಬೆಳೆಯಿತು. ಮಿದುಳಿನ ಖಾತೆ ಇದ್ದಲ್ಲಿಯೇ ನಿಂತಿತು. ಒಳ್ಳೆಯ ಔಷಧ, ಒಳ್ಳೆಯ ಯಂತ್ರ, ಕಲಿತ ದಾದಿಯರು, ಎಲ್ಲವೂ ಇದ್ದ ದೇಶದ ಮಾತಿದು. ಔಷಧಿಯ ಬಲವೊಂದರಿಂದಲೇ ಮಿದುಳು ಉಳಿಯುವುದಿಲ್ಲವೆಂದಾದರೆ, ಮತ್ತೆ ಯಾವುದರಿಂದ ಉಳಿದೀತು? ಇದೇ ನಮ್ಮ ಪ್ರಶ್ನೆ.

ಉತ್ತರ ಹುಡುಕಬೇಕಾದರೆ ಏಟು ಬೀಳುವುದು ಹೇಗೆಂದು ತಿಳಿಯಬೇಕು. ರೋಗಾಣು ಮಿದುಳನ್ನು ನೇರವಾಗಿ ತಿಂದುಹಾಕುತ್ತದೆಂದು ನಾವು ಮೊದಲು ಭಾವಿಸಿದ್ದೆವು, ಹಾಗಲ್ಲವಂತೆ. ರೋಗಾಣುವಿನೊಡನೆ ಕೂಸಿನ ಮೈ ನಡೆಸುವ ಕಾಳಗವೇ ಪೊರೆಯನ್ನು ಉರಿಸುತ್ತದೆ. ಆ ಉರಿಯಲ್ಲಿ ಸಣ್ಣ ರಕ್ತನಾಳಗಳು ಊದಿಕೊಂಡು ರಕ್ತ ಹೆಪ್ಪುಗಟ್ಟಿದರೆ ಅದರ ಆಚೆಯ ಮಿದುಳಿನ ತುಣುಕಿಗೆ ರಕ್ತ ಸಿಕ್ಕದೆ ಸಾಯುತ್ತದೆ. ಕೀವು ದ್ರವದ ದಾರಿಗೆ ಅಡ್ಡವಾದರೆ ನೀರು ಹೊರಹೋಗಲಾರದೆ ಒಳಗೇ ತುಂಬಿ ತಲೆ ಊದತೊಡಗುತ್ತದೆ. ಮಿದುಳಿನ ಒಳಗಿರುವ ಪೊಳ್ಳು ಕೋಣೆಗಳಲ್ಲಿಯೇ ಕೀವು ಕಟ್ಟುವುದೂ ಉಂಟು. ಅಲ್ಲಿಗೆ ಔಷಧ ತಲುಪುವುದು ಕಷ್ಟ. ಔಷಧದಿಂದ ರೋಗಾಣು ಸತ್ತ ಮೇಲೆಯೂ ಅದರ ಒಡೆದ ಚೂರುಗಳು ಉರಿಯನ್ನು ಕೆಲಕಾಲ ಉಳಿಸಿರುತ್ತವೆ. ಹಾಗಾಗಿ ಔಷಧ ಬೀಳುವ ಹೊತ್ತಿಗೆ ದ್ರವದಲ್ಲಿ ರೋಗಾಣುಗಳ ಸಂತೆ ಎಷ್ಟು ದೊಡ್ಡದಾಗಿದೆ ಎಂಬುದರ ಮೇಲೆ ಮುಂದಿನ ಹಾನಿ ಬಹಳಮಟ್ಟಿಗೆ ನಿಂತಿದೆ. ಆ ಸಂತೆ ಗಂಟೆಗಂಟೆಗೂ ಇಮ್ಮಡಿ ನಾಲ್ಮಡಿಯಾಗಿ ಬೆಳೆಯುತ್ತದೆ. ಚಕ್ರಬಡ್ಡಿಯ ಲೆಕ್ಕ ಬಲ್ಲವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಯಾವ ಕೂಸಿಗೆ ಮಿದುಳಿನ ಹಾನಿಯ ಭಯ ಹೆಚ್ಚು? ದಿನ ತುಂಬದೆ ಹುಟ್ಟಿದ್ದು, ತೂಕ ಕಡಿಮೆಯಾದದ್ದು, ಹುಟ್ಟುವಾಗಲೇ ಉಸಿರುಕಟ್ಟಿದ್ದು, ಇವು ಮೊದಲ ಸಾಲಿನವು. ಆಸ್ಪತ್ರೆಗೆ ಬರುವ ಹೊತ್ತಿಗೆ ಸೆಳೆತ ಶುರುವಾಗಿದ್ದರೆ, ಎಬ್ಬಿಸಿದರೂ ಏಳದ ಮಂಪರಿದ್ದರೆ, ರಕ್ತದೊತ್ತಡ ಕುಸಿದಿದ್ದರೆ, ರಕ್ತದ ಬಿಳಿಕಣಗಳು ತೀರ ಇಳಿದಿದ್ದರೆ ಮುಂದಿನ ದಾರಿ ಕಠಿಣ. ಕೆನಡಾದ ಟೊರಾಂಟೋ ನಗರದ ವೈದ್ಯರು ಸುಮಾರು ನೂರು ಕೂಸುಗಳ ಕಡತಗಳನ್ನು ತೆಗೆದು ನೋಡಿ ೨೦೦೦ದಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ನಾಲ್ಕನ್ನೇ ಮುಖ್ಯವಾಗಿ ಎತ್ತಿ ಹೇಳಿದ್ದಾರೆ. ಸೆಳೆತ ಮೂರು ದಿನಗಳನ್ನೂ ಮೀರಿ ನಿಲ್ಲದಿದ್ದರೆ ಇನ್ನೂ ಕೆಟ್ಟದ್ದೆಂದಿದ್ದಾರೆ. ಬೆನ್ನಿನಿಂದ ತೆಗೆದ ದ್ರವದಲ್ಲಿ ಸಕ್ಕರೆ ತೀರ ಕಡಿಮೆಯಾಗಿ ಪ್ರೋಟೀನು ಬಹಳ ಹೆಚ್ಚಿದ್ದರೂ ಅದು ಒಳ್ಳೆಯ ಗುರುತಲ್ಲ. ಇಲ್ಲಿ ಒಂದನ್ನು ಗಮನಿಸಬೇಕು. ದಿನ ತುಂಬದಿರುವುದು, ತೂಕ ಕಡಿಮೆಯಿರುವುದು ಕೂಸು ಹುಟ್ಟಿದಾಗಲೇ ಮುಗಿದುಹೋದ ಮಾತು. ಸೆಳೆತ, ಮಂಪರು, ಕುಸಿದ ರಕ್ತದೊತ್ತಡ ಹಾಗಲ್ಲ. ಇವು ಬಹುಪಾಲು ತಡದ ಮಕ್ಕಳು.

ರೋಗಾಣು ಯಾವುದೆಂಬುದೂ ಮುಖ್ಯ. ಪಶ್ಚಿಮ ದೇಶಗಳ ಪುಸ್ತಕ ತೆರೆದರೆ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಮತ್ತು ಇ. ಕೋಲೈ ಎಂಬ ಎರಡು ಹೆಸರುಗಳು ಮೊದಲು ಕಾಣುತ್ತವೆ. ನಮ್ಮ ದೆಹಲಿಯ ಕಥೆ ಬೇರೆ. ೨೦೧೧ರ ಜುಲೈಯಿಂದ ೨೦೧೪ರ ಫೆಬ್ರವರಿಯವರೆಗೆ ಏಮ್ಸ್ ಸಂಸ್ಥೆಯ ಮುಂದಾಳುತನದಲ್ಲಿ ಇಲ್ಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ೨೦೧೬ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಆಸ್ಪತ್ರೆಗಳಲ್ಲಿಯೇ ಹುಟ್ಟಿ ತೀವ್ರ ನಿಗಾ ಘಟಕ ಸೇರಿದ ೧೩,೫೩೦ ಕೂಸುಗಳನ್ನು ಅವರು ಗಮನಿಸಿದರು. ನೂರಕ್ಕೆ ೧೪ಕ್ಕಿಂತ ಹೆಚ್ಚು ಕೂಸುಗಳಿಗೆ ರಕ್ತದ ನಂಜು ತಗಲಿತ್ತು. ಅದರಲ್ಲಿ ಮೂರರಲ್ಲಿ ಎರಡು ಪಾಲು ಹುಟ್ಟಿದ ಮೊದಲ ೭೨ ಗಂಟೆಗಳೊಳಗೇ ಬಂದದ್ದು. ಸಿಕ್ಕಿದ ರೋಗಾಣುಗಳಲ್ಲಿ ಮುಂದೆ ನಿಂತದ್ದು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೋಲೈ. ಅಸಿನೆಟೊಬ್ಯಾಕ್ಟರ್‌ಗಳಲ್ಲಿ ನೂರಕ್ಕೆ ೮೨, ಕ್ಲೆಬ್ಸಿಯೆಲ್ಲಾಗಳಲ್ಲಿ ನೂರಕ್ಕೆ ೫೪, ಹಲವು ಔಷಧಗಳಿಗೆ ಜಗ್ಗದಂಥವು. ಇದು ಮಿದುಳುಪೊರೆಯ ಕಾಯಿಲೆಯೊಂದರ ಲೆಕ್ಕವಲ್ಲ, ಒಟ್ಟು ನಂಜಿನ ಲೆಕ್ಕ. ಆದರೆ ಪೊರೆಯ ಕಾಯಿಲೆ ಬಹುಮಟ್ಟಿಗೆ ರಕ್ತದ ದಾರಿಯಿಂದಲೇ ಬರುವುದರಿಂದ ಇದನ್ನು ಹೇಳಬೇಕಾಯಿತು. ಔಷಧಕ್ಕೆ ಜಗ್ಗದ ರೋಗಾಣುವಾದರೆ ಮೊದಲು ಕೊಟ್ಟ ಔಷಧ ವ್ಯರ್ಥವಾಗಿ, ಸರಿಯಾದ ಔಷಧ ಗೊತ್ತಾಗುವ ಹೊತ್ತಿಗೆ ಎರಡು ಮೂರು ದಿನ ಕಳೆದುಹೋಗಿರುತ್ತದೆ. ಅಲ್ಲಿಯೂ ತಡವೇ.

ಕೂಸನ್ನು ನೋಡಲು ಹೋಗುವ ನಮ್ಮವರಿಗೆ ಇದರಿಂದ ಒಂದು ಮಾತು ಹೇಳುವ ಅಧಿಕಾರ ನಮಗೆ ಬಂದಿದೆ ಎಂದುಕೊಂಡಿದ್ದೇವೆ. ಸಂಘದ ನೆಂಟಸ್ತಿಕೆ ದೊಡ್ಡದು. ಹೆರಿಗೆಯಾಯಿತೆಂದರೆ ಮಯೂರ ವಿಹಾರದಿಂದ, ನೋಯ್ಡಾದಿಂದ, ಗುರುಗ್ರಾಮದಿಂದ ಜನ ಹೊರಟೇಬಿಡುತ್ತಾರೆ. ಕೈ ತೊಳೆಯದೆ ಕೂಸನ್ನು ಎತ್ತಬೇಡಿ. ನೆಗಡಿ ಇದ್ದವರು ಫೋನಿನಲ್ಲಿಯೇ ಹರಸಿ. ಹೊಕ್ಕುಳಬಳ್ಳಿಗೆ ಬೂದಿ, ಎಣ್ಣೆ, ಕಾಡಿಗೆ ಯಾವುದನ್ನೂ ಹಚ್ಚಬೇಡಿ. ಅದು ಒಣಗಿರಲಿ, ಸಾಕು. ತಾಯಿಯ ಹಾಲಲ್ಲದೆ ಜೇನು, ಬಜೆ ನೀರು, ಇಲ್ಲಿ ಅಕ್ಕಪಕ್ಕದವರು ಕೊಡುವ ಘುಟ್ಟಿ, ಏನನ್ನೂ ಬಾಯಿಗೆ ಹಾಕಬೇಡಿ. ಬಸಿರಿನವರಿಗೂ ಒಂದು ಮಾತು: ನೀರು ಒಡೆದು ಹದಿನೆಂಟು ಗಂಟೆ ದಾಟಿದರೂ ಹೆರಿಗೆಯಾಗದಿದ್ದರೆ, ಹೆರಿಗೆಯ ಹೊತ್ತಿನಲ್ಲಿ ಜ್ವರವಿದ್ದರೆ, ನೀರು ದುರ್ವಾಸನೆಯಿದ್ದರೆ, ಕೂಸಿಗೆ ನಂಜಿನ ಭಯ ಹೆಚ್ಚು. ಹೆರಿಗೆಯ ಸಂಭ್ರಮದಲ್ಲಿ ಇದನ್ನು ಮಕ್ಕಳ ವೈದ್ಯರಿಗೆ ಹೇಳುವುದು ಮರೆತುಹೋಗುತ್ತದೆ. ಹೇಳಿ.

ಈಗ ಗುರುತುಗಳ ವಿಷಯ. ದೊಡ್ಡವರಿಗೆ ಈ ಕಾಯಿಲೆ ಬಂದರೆ ಕತ್ತು ಬಿಗಿಯುತ್ತದೆ, ತಲೆ ಸಿಡಿಯುತ್ತದೆ, ಜ್ವರ ಏರುತ್ತದೆ. ಹಸುಗೂಸಿನಲ್ಲಿ ಅದನ್ನೇ ಕಾಯುತ್ತ ಕುಳಿತರೆ ಕೆಟ್ಟೆವು. ಕತ್ತು ಬಿಗಿಯುವುದು ಕೆಲವೇ ಕೂಸುಗಳಲ್ಲಿ. ನೆತ್ತಿ ಉಬ್ಬುವುದು ಸುಮಾರು ನಾಲ್ಕರಲ್ಲಿ ಒಂದು ಕೂಸಿನಲ್ಲಿ ಮಾತ್ರ, ಅದೂ ಬಹುಶಃ ತಡವಾಗಿ. ಜ್ವರ ಬರಬಹುದು, ಜ್ವರಕ್ಕೆ ಬದಲಾಗಿ ಮೈ ತಣ್ಣಗಾಗಲೂಬಹುದು. ಮೊದಲು ಕಾಣುವುದು ಬಹಳ ಸಣ್ಣ ಸಂಗತಿ. ನಿನ್ನೆಯವರೆಗೆ ಚೆನ್ನಾಗಿ ಕುಡಿಯುತ್ತಿದ್ದ ಕೂಸು ಇಂದು ಮೊಲೆ ಹಿಡಿಯುವುದಿಲ್ಲ. ಎತ್ತಿದರೆ ಸೋತ ಬಟ್ಟೆಯಂತೆ ಜೋತುಬೀಳುತ್ತದೆ. ಇಲ್ಲವೇ ಎತ್ತಿ ಆಡಿಸಿದಷ್ಟೂ ಕಿರ್ರೆಂದು ಒಂದೇ ಸಮನೆ ಅಳುತ್ತದೆ. ಉಸಿರು ನಿಮಿಷಕ್ಕೆ ಅರವತ್ತು ಅಥವಾ ಅದಕ್ಕೂ ಹೆಚ್ಚು, ಇಲ್ಲವೇ ನಡುನಡುವೆ ನಿಂತು ನಿಂತು. ಸೆಳೆತವೂ ನಾವು ನೀವು ತಿಳಿದಂತೆ ಕೈಕಾಲು ಬಡಿಯುವುದಲ್ಲ. ಕಣ್ಣು ಒಂದೇ ಕಡೆ ನೆಟ್ಟಿರುವುದು, ಬಾಯಿ ಚಪ್ಪರಿಸುತ್ತಿರುವುದು, ಸೈಕಲ್ ತುಳಿದಂತೆ ಕಾಲಾಡಿಸುವುದು. ನಮ್ಮ ಕಡೆ ಇದಕ್ಕೆ ಬಾಲಗ್ರಹವೆಂದು ಹೆಸರಿಟ್ಟು ತಾಯಿತ ಕಟ್ಟಿಸಿದವರುಂಟು. ತಾಯಿತ ಕಟ್ಟುವುದಿದ್ದರೆ ಆಸ್ಪತ್ರೆಯ ದಾರಿಯಲ್ಲಿ ಕಟ್ಟಿ, ನಮ್ಮ ಅಡ್ಡಿಯಿಲ್ಲ.

ಇಲ್ಲಿ ನಮ್ಮ ದೆಹಲಿ ಕನ್ನಡಿಗರಿಗೇ ಇರುವ ಒಂದು ತೊಡಕನ್ನು ಹೇಳಬೇಕು. ಯಾವ ವೈದ್ಯ ಪುಸ್ತಕದಲ್ಲಿಯೂ ಇದು ಕಾಣಲಿಲ್ಲ. ಬಾಣಂತನಕ್ಕೆಂದು ಊರಿನಿಂದ ಅಜ್ಜಿ ಬಂದಿರುತ್ತಾರೆ. ದಿನವೂ ನೆತ್ತಿಗೆ ಹರಳೆಣ್ಣೆ ತಟ್ಟುವ ಕೈ ಅವರದು. ಕೂಸಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮೊದಲು ತಿಳಿಯುವುದು ಅವರಿಗೇ. ಆದರೆ ಅವರಿಗೆ ಹಿಂದಿ ಬಾರದು, ಮಗ ಕಛೇರಿಯಲ್ಲಿ, ಸೊಸೆಗೆ ಇನ್ನೂ ಏಳಲು ಶಕ್ತಿಯಿಲ್ಲ. ‘ಏನೋ ಸರಿಯಿಲ್ಲಪ್ಪ’ ಎಂದು ಅಜ್ಜಿ ಸಂಜೆ ಹೇಳಿದರೆ, ‘ಜ್ವರ ಇಲ್ವಲ್ಲಮ್ಮ, ಬೆಳಿಗ್ಗೆ ನೋಡೋಣ’ ಎಂದು ಮಗ ಹೇಳುತ್ತಾನೆ. ಪುರುಡು ಕಳೆಯದೆ ಕೂಸನ್ನು ಹೊರಗೆ ತರಬಾರದೆಂಬ ಮಾತೂ ಸೇರಿಕೊಳ್ಳುತ್ತದೆ. ಅಜ್ಜಿಯಂದಿರು ಒಂದೇ ಒಂದು ವಾಕ್ಯ ಕಲಿತಿರಲಿ: ‘ಬಚ್ಚಾ ದೂಧ್ ನಹೀ ಪೀ ರಹಾ, ಸುಸ್ತ್ ಹೈ.’ ಸುಸ್ತು ಎಂಬ ಮಾತು ಹೇಗೂ ನಮ್ಮದೂ ಆಗಿರುವುದರಿಂದ ಅರ್ಧ ಕಲಿತಂತೆಯೇ ಆಯಿತು. ಇಲ್ಲಿಯ ದಾದಿಯರಿಗೆ ಆ ವಾಕ್ಯ ಕಿವಿಗೆ ಬಿದ್ದರೆ ಸಾಕು, ಅದರ ತೂಕ ಅವರಿಗೆ ಗೊತ್ತು.

ಇನ್ನು ಬೆನ್ನಿನ ನೀರಿನ ಪ್ರಶ್ನೆ. ಇವತ್ತಿನ ಮಾತಿನಲ್ಲಿ ಉಳಿದುದೆಲ್ಲ ಮರೆತರೂ ಇದೊಂದನ್ನು ಮರೆಯದಿರಿ ಎಂದು ಬೇಡುತ್ತೇವೆ.

ನಂಜಿನ ಸಂದೇಹ ಬಂದಾಗ ವೈದ್ಯರು ಕೂಸಿನ ಬೆನ್ನಿನ ಕೆಳಭಾಗದಿಂದ ಸೂಜಿಯ ಮೂಲಕ ಕೆಲವು ತೊಟ್ಟು ದ್ರವ ತೆಗೆಯಬೇಕೆನ್ನುತ್ತಾರೆ. ಅದಕ್ಕೆ ತಂದೆತಾಯಿಯರ ಸಹಿ ಕೇಳುತ್ತಾರೆ. ನಾವು ಕಂಡಂತೆ ಹತ್ತರಲ್ಲಿ ಐದು ಮನೆಯವರು ಅಲ್ಲಿಯೇ ಬೆಚ್ಚಿ ನಿಲ್ಲುತ್ತಾರೆ. ‘ಬೆನ್ನಿನ ನೀರು ತೆಗೆದರೆ ಕಾಲು ಬಿದ್ದುಹೋಗುತ್ತೆ’, ‘ಮಗು ಬುದ್ಧಿಮಾಂದ್ಯ ಆಗುತ್ತೆ’ ಎಂಬ ಮಾತು ಕನ್ನಡ ನಾಡಿನಲ್ಲಿ ಹೇಗೋ ಹಾಗೆ ಇಲ್ಲಿಯೂ ಉಂಟು. ಈ ನಂಬಿಕೆ ಹುಟ್ಟಿದ್ದು ಹೇಗೆಂಬುದನ್ನು ಊಹಿಸಬಹುದು. ಬೆನ್ನಿನ ನೀರು ತೆಗೆಸಿಕೊಂಡ ಮಕ್ಕಳಲ್ಲಿ ಹಲವರಿಗೆ ಆಮೇಲೆ ಕೈಕಾಲಿನ ತೊಂದರೆ ಕಂಡದ್ದು ನಿಜ. ಆದರೆ ಅದು ಕಾಯಿಲೆಯಿಂದ ಬಂದದ್ದು, ಸೂಜಿಯಿಂದಲ್ಲ. ಬೆನ್ನುಹುರಿ ಮೇಲೆಯೇ ಮುಗಿದಿರುತ್ತದೆ. ಸೂಜಿ ಚುಚ್ಚುವುದು ಅದಕ್ಕೂ ಕೆಳಗೆ, ನೀರು ತುಂಬಿರುವ ಜಾಗದಲ್ಲಿ. ತೆಗೆದ ದ್ರವವನ್ನು ಮೈ ತಾನೇ ಮತ್ತೆ ತುಂಬಿಕೊಳ್ಳುತ್ತದೆ. ಉಸಿರಾಟ ತೀರ ಕೆಟ್ಟಿರುವ ಅಥವಾ ರಕ್ತ ಹೆಪ್ಪುಗಟ್ಟದ ಕೂಸಿಗೆ ಮಾತ್ರ ವೈದ್ಯರು ತಾವಾಗಿಯೇ ಇದನ್ನು ಮುಂದೂಡುತ್ತಾರೆ.

‘ರಕ್ತ ಪರೀಕ್ಷೆ ಸಾಲದೇ?’ ಎಂದು ಕೇಳುವವರಿದ್ದಾರೆ. ಸಾಲದು. ಪೊರೆಯ ಕಾಯಿಲೆಯಿದ್ದ ಕೂಸುಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ರಕ್ತದಲ್ಲಿ ರೋಗಾಣು ಬೆಳೆದು ಕಾಣುವುದೇ ಇಲ್ಲ. ಕಾಯಿಲೆ ರಕ್ತದಲ್ಲಿ ಮಾತ್ರ ಇದೆಯೆಂದು ತಿಳಿದರೆ ಏಳರಿಂದ ಹತ್ತು ದಿನ ಔಷಧ ಕೊಟ್ಟು ಮನೆಗೆ ಕಳಿಸಿಯಾರು. ಪೊರೆಗೆ ಹತ್ತಿದ್ದರೆ ಎರಡು ವಾರ, ಹೊಟ್ಟೆ ಕರುಳಿನ ಜಾತಿಯ ರೋಗಾಣುವಾದರೆ ಮೂರು ವಾರ ಬೇಕು. ಔಷಧದ ಜಾತಿಯೂ ಬೇರೆ, ಪ್ರಮಾಣವೂ ಬೇರೆ. ಎಲ್ಲ ಔಷಧಗಳೂ ಆ ದ್ರವದೊಳಕ್ಕೆ ಸಾಕಷ್ಟು ಇಳಿಯುವುದಿಲ್ಲ. ಸಹಿಗೆ ತಡವಾದರೂ ಔಷಧ ತಡೆಯಬಾರದು. ತಿಳಿದ ವೈದ್ಯರು ಮೊದಲು ಔಷಧ ಶುರುಮಾಡಿ ಆಮೇಲೆ ನೀರು ತೆಗೆಯುವುದೂ ಉಂಟು. ಆದರೆ ನೀರೇ ಬೇಡವೆಂದು ಹಟ ಹಿಡಿದರೆ ಕತ್ತಲಲ್ಲಿ ಕಲ್ಲು ಹೊಡೆದಂತೆ.

ಒಂದು ಪ್ರಸಂಗ ಹೇಳುತ್ತೇವೆ. ಹೆಸರು ಊರು ಬೇಡ. ಗಾಜಿಯಾಬಾದಿನಲ್ಲಿರುವ ನಮ್ಮವರೊಬ್ಬರ ಮನೆಯಲ್ಲಿ ಒಂಬತ್ತು ದಿನದ ಕೂಸು ಒಂದು ಶುಕ್ರವಾರ ರಾತ್ರಿ ಹಾಲು ಬಿಟ್ಟಿತು. ಶನಿವಾರ ‘ನಾಳೆ ನೋಡೋಣ’ ಎಂದಾಯಿತು. ಭಾನುವಾರ ಬೆಳಿಗ್ಗೆ ಕಣ್ಣು ನೆಟ್ಟಿತು. ಆಸ್ಪತ್ರೆಯಲ್ಲಿ ಸಹಿಯ ಫಾರಮ್ ಮುಂದಿಟ್ಟಾಗ ತಂದೆ ಊರಿಗೆ ಫೋನ್ ಮಾಡಿದರು. ಊರಿನವರು ಇನ್ನೊಬ್ಬರನ್ನು ಕೇಳಿ ಹೇಳುತ್ತೇವೆಂದರು. ನಮ್ಮನ್ನು ಕರೆದದ್ದು ಮಧ್ಯಾಹ್ನ. ಫಾರಮನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ, ಸಾಲದ ಪತ್ರ ವಿವರಿಸುವಂತೆ ಒಂದೊಂದನ್ನೂ ಬಿಡಿಸಿ ಹೇಳಿದೆವು. ತಂದೆ ಬಹಳ ಹೊತ್ತು ಸುಮ್ಮನಿದ್ದು, ‘ಇದ್ರಲ್ಲಿ ಕಾಲು ಹೋಗುತ್ತೆ ಅಂತ ಎಲ್ಲೂ ಬರೆದಿಲ್ವಾ ಸಾರ್?’ ಎಂದರು. ಇಲ್ಲವೆಂದೆವು. ಸಹಿ ಮಾಡಿದರು. ಬಂದ ದ್ರವ ತಿಳಿಯಾಗಿರಲಿಲ್ಲ, ಅಕ್ಕಿ ತೊಳೆದ ನೀರಿನಂತೆ ಮಸಕಾಗಿತ್ತೆಂದು ಆಮೇಲೆ ತಿಳಿಯಿತು. ಮೂರು ವಾರ ಆಸ್ಪತ್ರೆ. ಆ ಹುಡುಗಿಗೆ ಈಗ ನಾಲ್ಕು ವರ್ಷ, ನಡೆಯುತ್ತಾಳೆ, ಜಗಳವಾಡುತ್ತಾಳೆ. ಎರಡು ಕಿವಿಗೂ ಯಂತ್ರವಿದೆ. ಶುಕ್ರವಾರ ರಾತ್ರಿಯೇ ಹೊರಟಿದ್ದರೆ ಆ ಯಂತ್ರ ಬೇಕಾಗುತ್ತಿರಲಿಲ್ಲವೆಂದು ಯಾವ ವೈದ್ಯರೂ ಖಂಡಿತವಾಗಿ ಹೇಳಲಾರರು. ತಾಯಿ ಮಾತ್ರ ಹಾಗೆಯೇ ನಂಬಿದ್ದಾರೆ. ಅವರೆದುರು ವಾದಿಸುವ ಧೈರ್ಯ ನಮಗಿಲ್ಲ.

ಹಣದ ಮಾತು ಬಂದೇ ಬರುತ್ತದೆ. ವಾಯಿದೆಗೆ ಮುಂಚೆ ಠೇವಣಿ ಮುರಿಸಲು ನಮ್ಮ ಕಿಟಕಿಗೆ ಬರುವವರಲ್ಲಿ ಆಸ್ಪತ್ರೆಯ ಕಾರಣ ಹೇಳುವವರು ಬಹಳ. ಹಣ ಹೊಂದಿಸಿಕೊಂಡು ಹೋಗೋಣವೆಂದು ಅರ್ಧ ದಿನ ಕಳೆಯುವವರಿಗೆ ಹೇಳುವುದಿಷ್ಟು: ೨೦೧೧ರ ಜೂನ್‌ನಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಔಷಧ, ಪರೀಕ್ಷೆ, ಸಾಗಣೆ ಉಚಿತ. ನವದೆಹಲಿಯಲ್ಲಿ ೧೯೫೬ರಲ್ಲಿ ಆರಂಭವಾದ ಕಲಾವತಿ ಶರಣ್ ಮಕ್ಕಳ ಆಸ್ಪತ್ರೆಯೂ ಸರ್ಕಾರದ್ದೇ. ಜನಜಂಗುಳಿ ಇದೆ, ಒಪ್ಪುತ್ತೇವೆ. ಹತ್ತಿರದ ನರ್ಸಿಂಗ್ ಹೋಮಿಗೆ ಹೋದರೂ ಹೋಗಿ, ಆದರೆ ನವಜಾತ ಶಿಶುಗಳ ಘಟಕ ಅಲ್ಲಿದೆಯೇ ಎಂದು ಬಸಿರಿನ ಕಾಲದಲ್ಲಿಯೇ ವಿಚಾರಿಸಿಟ್ಟುಕೊಳ್ಳಿ. ಇಲ್ಲದಿದ್ದರೆ ಅಲ್ಲಿಂದ ಇನ್ನೊಂದಕ್ಕೆ ಸಾಗಿಸುವುದರಲ್ಲಿಯೇ ಹೊತ್ತು ಹೋಗುತ್ತದೆ.

ಕೂಸು ಗುಣವಾಗಿ ಮನೆಗೆ ಬಂತು. ಹೋಳಿಗೆ ಮಾಡಿ ಹಂಚಿಯೂ ಆಯಿತು. ಆದರೆ ಕೆಲಸ ಮುಗಿಯಲಿಲ್ಲ. ಮನೆಗೆ ಕಳಿಸುವ ಮುಂಚೆ, ತಪ್ಪಿದರೆ ನಾಲ್ಕು ವಾರದೊಳಗೆ, ಕಿವಿಯ ಪರೀಕ್ಷೆ ಆಗಲೇಬೇಕು. ಕಿವಿಯಿಂದ ಮಿದುಳಿನವರೆಗಿನ ನರದ ದಾರಿಯನ್ನು ನೋಡುವ ಬೇರಾ ಎಂಬ ಪರೀಕ್ಷೆಯಾದರೆ ಲೇಸು. ಚಪ್ಪಾಳೆ ತಟ್ಟಿದರೆ ತಿರುಗಿ ನೋಡುತ್ತದೆ ಎಂಬುದು ಪರೀಕ್ಷೆಯಲ್ಲ. ಈ ಕಾಯಿಲೆಯ ನಂತರ ಕೆಲವರಲ್ಲಿ ಒಳಕಿವಿಯ ಸುರುಳಿಯೊಳಗೆ ಮೂಳೆ ಬೆಳೆದು ತುಂಬಿಬಿಡುತ್ತದೆ. ಆಮೇಲೆ ಶಸ್ತ್ರಕ್ರಿಯೆಯಿಂದ ಯಂತ್ರ ಕೂರಿಸಬೇಕೆಂದರೂ ಜಾಗ ಸಿಕ್ಕದು. ಊರಿಗೆ ಮರಳುವವರಿಗೆ ೧೯೬೫ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿ ಕನ್ನಡದಲ್ಲಿಯೇ ಎಲ್ಲ ಕೇಳಿ ತಿಳಿಯಬಹುದೆಂಬುದು ಸಣ್ಣ ಅನುಕೂಲವಲ್ಲ. ತಲೆಯ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ವಾರಕ್ಕೊಮ್ಮೆ ಅಳೆದು ಒಂದು ಪುಸ್ತಕದಲ್ಲಿ ತಾರೀಖಿನೊಡನೆ ಬರೆದಿಡಿ. ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು ಎರಡು ಸೆಂಟಿಮೀಟರ್ ಬೆಳೆಯುವುದು ವಾಡಿಕೆ. ಅದಕ್ಕಿಂತ ಬೇಗ ಬೇಗ ಬೆಳೆದರೆ ನೀರು ತುಂಬುತ್ತಿರಬಹುದು, ಕೂಡಲೇ ತೋರಿಸಬೇಕು. ಬೆಳೆಯದೆ ನಿಂತರೂ ತೋರಿಸಬೇಕು. ಕತ್ತು ನಿಲ್ಲುವುದು, ಕೂರುವುದು, ಮಾತು ಬರುವುದು ತಡವಾದರೆ ‘ಅವರಪ್ಪನಿಗೂ ತಡವಾಗಿಯೇ ಬಂದಿತ್ತು’ ಎಂದು ಸಮಾಧಾನ ಹೇಳಿಕೊಳ್ಳದೆ, ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜಿಲ್ಲಾ ಕೇಂದ್ರಗಳಲ್ಲಿ ವಿಚಾರಿಸಿ. ಎಳೆಯ ಮಿದುಳಿಗೆ ಒಂದು ಭಾಗದ ಕೆಲಸವನ್ನು ಇನ್ನೊಂದು ಭಾಗ ಕಲಿತುಕೊಳ್ಳುವ ಶಕ್ತಿಯುಂಟು, ಆದರೆ ಬೇಗ ಕಲಿಸಬೇಕು.

ಕೊನೆಗೆ, ಹೋದ ತಿಂಗಳು ಇಲ್ಲಿಯೇ ಒಬ್ಬ ತಾಯಿ ನಮ್ಮನ್ನು ಕೇಳಿದ ಪ್ರಶ್ನೆ: ಒಂದು ಮಗುವಿಗೆ ಹೀಗಾದರೆ ಮುಂದಿನದಕ್ಕೂ ಬಂದೀತೇ? ಇದು ವಂಶದ ಕಾಯಿಲೆಯಲ್ಲ, ಯಾರ ಜಾತಕದ ದೋಷವೂ ಅಲ್ಲ. ಆದರೆ ಮೊದಲ ಕೂಸಿನ ಕಾಯಿಲೆ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್‌ನಿಂದ ಬಂದದ್ದಾದರೆ, ಮುಂದಿನ ಹೆರಿಗೆಯ ನೋವು ಶುರುವಾದಾಗಲೇ ತಾಯಿಗೆ ಔಷಧ ಕೊಡುವ ಕ್ರಮವಿದೆ. ಆದ್ದರಿಂದ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ರೋಗಾಣುವಿನ ಹೆಸರು ಬರೆದ ಕಾಗದವನ್ನು ಕೇಳಿ ಪಡೆದು, ಮನೆಯ ಪತ್ರಗಳ ಜೊತೆ ಜೋಪಾನವಾಗಿ ಇಟ್ಟುಕೊಳ್ಳಿ.